39 ದಿನಗಳ ಯೋಧ ಮತ್ತು ನಗರದ ಬೀದಿ

2025ರ ನವೆಂಬರ್ 26. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುನ್ನಾದಿನ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಶ್ವೇತಭವನಕ್ಕೆ ಸಮೀಪದ ಫ್ಯಾರಗಟ್ ಚೌಕದ ಬಳಿ ಗಸ್ತಿನಲ್ಲಿದ್ದ ಇಬ್ಬರು ನ್ಯಾಷನಲ್ ಗಾರ್ಡ್ ಯೋಧರ ಮೇಲೆ ಗುಂಡಿನ ದಾಳಿ ನಡೆಯಿತು. ಅವರಲ್ಲಿ 20 ವರ್ಷದ ಸಾರಾ ಬೆಕ್‌ಸ್ಟ್ರಾಮ್ ಮರುದಿನ ತೀರಿಕೊಂಡರು. ಇನ್ನೊಬ್ಬ ಯೋಧ ತೀವ್ರವಾಗಿ ಗಾಯಗೊಂಡರು. ಆಗ ಕರ್ನಾಟಕದಲ್ಲಿ ನಡುರಾತ್ರಿ ಕಳೆದಿತ್ತು. ಬೆಳಿಗ್ಗೆ ಟಿ.ವಿ. ಹಾಕಿದ ಎಷ್ಟೋ ಅಪ್ಪ-ಅಮ್ಮಂದಿರು ಮೊದಲು ಮಾಡಿದ ಕೆಲಸ ಆಶ್‌ಬರ್ನ್‌ಗೋ ಹರ್ನ್‌ಡನ್‌ಗೋ ಫೋನ್ ಹಚ್ಚಿದ್ದು. ‘ನೀವು ಆ ಕಡೆ ಹೋಗಿರಲಿಲ್ಲ ತಾನೆ?’

ದಾಳಿಕೋರ ಯಾರು, ಅವನು ಯಾವ ದೇಶದವನು, ಇದರಿಂದ ವಲಸೆ ನಿಯಮಗಳ ಮೇಲೆ ಏನಾಗುತ್ತದೆ ಎಂಬ ಚರ್ಚೆ ಆ ದಿನದಿಂದಲೇ ಶುರುವಾಯಿತು. ಆದರೆ ಒಂದು ವಿವರ ಅಷ್ಟಾಗಿ ಗಮನ ಸೆಳೆಯಲಿಲ್ಲ. ಸಾರಾ ವೆಸ್ಟ್ ವರ್ಜೀನಿಯಾ ರಾಜ್ಯದ 863ನೇ ಮಿಲಿಟರಿ ಪೊಲೀಸ್ ಕಂಪನಿಗೆ ಸೇರಿದವರು. ಇಂಥ ಕಂಪನಿಗಳಲ್ಲಿ ಇರುವವರಲ್ಲಿ ಹೆಚ್ಚಿನವರು ಪೂರ್ಣಾವಧಿ ಸೈನಿಕರಲ್ಲ. ವಾರವಿಡೀ ಅಂಗಡಿ, ಆಸ್ಪತ್ರೆ, ಕಾಲೇಜು, ಪೊಲೀಸ್ ಠಾಣೆಗಳಲ್ಲಿ ಇದ್ದು, ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ ತೊಡುವವರು. ಇವರನ್ನು ಯಾವ ಕೆಲಸಕ್ಕೆಂದು ತಯಾರು ಮಾಡಲಾಗಿದೆ, ಅವರನ್ನು ತಂದು ನಿಲ್ಲಿಸಿರುವ ಕೆಲಸ ಯಾವುದು? ಈ ಎರಡರ ನಡುವಿನ ಅಂತರವೇ ಇಂದು ಅಮೆರಿಕದ ನಗರಗಳಲ್ಲಿ ವಾಸಿಸುವವರೆಲ್ಲ, ನಮ್ಮವರೂ ಸೇರಿ, ತಿಳಿಯಬೇಕಾದ ಸಂಗತಿ.

ಎರಡು ಬಗೆಯ ಮೀಸಲು ಪಡೆ

ನಮ್ಮಲ್ಲಿ ಗಲಭೆಯಾದರೆ ಮೊದಲು ಬರುವುದು ಕೆ.ಎಸ್.ಆರ್.ಪಿ. ತುಕಡಿ. ಸೈನ್ಯ ಬರಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್ ಪ್ರಕಾರ ದಂಡಾಧಿಕಾರಿ ಕರೆಯಬೇಕು. ಅಮೆರಿಕದಲ್ಲಿ ಕೆ.ಎಸ್.ಆರ್.ಪಿ.ಯಂಥ ಪಡೆ ಪ್ರತ್ಯೇಕವಾಗಿಲ್ಲ. ಆ ಜಾಗದಲ್ಲಿ ಬಹುಮಟ್ಟಿಗೆ ಇರುವುದು ನ್ಯಾಷನಲ್ ಗಾರ್ಡ್. ಇದು ಸಾಮಾನ್ಯ ದಿನಗಳಲ್ಲಿ ಆಯಾ ರಾಜ್ಯದ ಗವರ್ನರ್ ಕೈಕೆಳಗೆ ಇರುತ್ತದೆ, ಯುದ್ಧ ಬಂದರೆ ಕೇಂದ್ರ ಸರ್ಕಾರ ಕರೆಸಿಕೊಳ್ಳುತ್ತದೆ. ವಾಷಿಂಗ್ಟನ್ ಡಿ.ಸಿ. ರಾಜ್ಯವಲ್ಲ, ಅಲ್ಲಿ ಗವರ್ನರ್ ಇಲ್ಲ. ಹಾಗಾಗಿ ಅಲ್ಲಿನ ಗಾರ್ಡ್ ಸದಾ ಅಧ್ಯಕ್ಷರ ಅಧೀನದಲ್ಲಿರುತ್ತದೆ.

ಇನ್ನೊಂದು ಆರ್ಮಿ ರಿಸರ್ವ್. ಇದು ಪೂರ್ತಿ ಕೇಂದ್ರದ್ದು. ಇದರ ಮಿಲಿಟರಿ ಪೊಲೀಸ್ ವಿಭಾಗವಾದ 200ನೇ ಮಿಲಿಟರಿ ಪೊಲೀಸ್ ಕಮಾಂಡ್‌ನ ಕೇಂದ್ರ ಕಚೇರಿ ಇರುವುದು ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವಿನ ಫೋರ್ಟ್ ಮೀಡ್‌ನಲ್ಲಿ. 1878ರ ಪಾಸ್ಸೆ ಕಾಮಿಟೇಟಸ್ ಕಾಯ್ದೆಯ ಪ್ರಕಾರ ಕೇಂದ್ರದ ಸೈನಿಕರು ದೇಶದೊಳಗೆ ಪೊಲೀಸ್ ಕೆಲಸ ಮಾಡುವಂತಿಲ್ಲ. ದಂಗೆ ನಿಗ್ರಹ ಕಾಯ್ದೆಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗವರ್ನರ್ ಅಧೀನದಲ್ಲಿರುವ ಗಾರ್ಡ್‌ಗೆ ಈ ನಿಷೇಧ ಅನ್ವಯಿಸುವುದಿಲ್ಲ. ಬೀದಿಯಲ್ಲಿ ನೋಡಿದರೆ ಇಬ್ಬರ ಸಮವಸ್ತ್ರವೂ ಒಂದೇ. ಕಾನೂನು ಮಾತ್ರ ಬೇರೆ.

ಮಿಲಿಟರಿ ಪೊಲೀಸ್ ಎಂದರೆ ಸೈನ್ಯದೊಳಗಿನ ಪೊಲೀಸರು ಮಾತ್ರ ಎಂದುಕೊಳ್ಳಬೇಡಿ. ಯುದ್ಧಭೂಮಿಯಲ್ಲಿ ರಸ್ತೆ ಕಾಯುವುದು, ವಾಹನ ಸಾಲಿಗೆ ಬೆಂಗಾವಲು, ತಪಾಸಣಾ ಠಾಣೆ, ಊರು ಬಿಟ್ಟು ಓಡುತ್ತಿರುವ ಜನರಿಗೆ ದಾರಿ ಮಾಡಿಕೊಡುವುದು, ಸೆರೆ ಸಿಕ್ಕವರನ್ನು ಕಾಯುವುದು ಎಲ್ಲವೂ ಇವರ ಪಾಲಿಗೆ ಬರುತ್ತವೆ.

ತರಬೇತಿಯ ಲೆಕ್ಕಾಚಾರ

ಮೀಸಲು ಯೋಧನಿಗೆ ವರ್ಷದಲ್ಲಿ ಸಿಗುವುದು 12 ವಾರಾಂತ್ಯ, ಜೊತೆಗೆ ಬೇಸಿಗೆಯಲ್ಲಿ ಎರಡು ವಾರದ ಶಿಬಿರ. ಒಟ್ಟು ಸುಮಾರು 39 ದಿನ. ಈ 39ರಲ್ಲಿ ವೈದ್ಯಕೀಯ ತಪಾಸಣೆ, ದೈಹಿಕ ಪರೀಕ್ಷೆ, ಬಂದೂಕಿನ ಅರ್ಹತಾ ಪರೀಕ್ಷೆ, ವಾಹನ ನಿರ್ವಹಣೆ, ಕಡ್ಡಾಯ ಪಾಠಗಳು ಎಲ್ಲ ಕಳೆಯಬೇಕು. ಉಳಿದ ದಿನಗಳಲ್ಲಿ ನಗರ ಯುದ್ಧದಂಥ ಕಠಿಣ ವಿದ್ಯೆ ಕಲಿಸಬೇಕು.

ನಗರ ಯುದ್ಧ ಎಷ್ಟು ಕಠಿಣ ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲ್‌ನಲ್ಲಿ ನಡೆದದ್ದು ಅದೇ. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹುತಾತ್ಮರಾದದ್ದು ಅಲ್ಲಿಯೇ. ಯಾವ ಬಾಗಿಲ ಹಿಂದೆ ಉಗ್ರನಿದ್ದಾನೆ, ಯಾವುದರ ಹಿಂದೆ ಅತಿಥಿ ಅಡಗಿದ್ದಾನೆ ತಿಳಿಯದು. ಅದು ವರ್ಷಪೂರ್ತಿ ಅದನ್ನೇ ಅಭ್ಯಾಸ ಮಾಡುವ ಎನ್.ಎಸ್.ಜಿ. ಕಮಾಂಡೊಗಳ ಕೆಲಸವಾಗಿತ್ತು. ವಾರಾಂತ್ಯದ ಯೋಧರಿಗೆ ಅದನ್ನು ಕಲಿಸಬೇಕಾದರೆ ಯೋಜನೆ ಬಹಳ ಮುಂಚೆಯೇ ಶುರುವಾಗಬೇಕು.

ಕಂಪನಿಯ ಕಮಾಂಡರ್ ಮೊದಲು ತೀರ್ಮಾನಿಸಬೇಕಾದದ್ದು ಏನನ್ನು ಕಲಿಸುವುದಿಲ್ಲ ಎಂಬುದನ್ನು. ಹತ್ತು ವಿದ್ಯೆಗಳನ್ನು ಅರ್ಧಂಬರ್ಧ ಮುಟ್ಟಿಸುವುದಕ್ಕಿಂತ ಮೂರನ್ನು ಗಟ್ಟಿಯಾಗಿ ಕಲಿಸುವುದು ಮೇಲು ಎಂಬುದು ಸೇನಾ ತರಬೇತಿಯ ಹಳೆಯ ಪಾಠ. ಆಮೇಲೆ ಜಾಗ ಕಾದಿರಿಸಬೇಕು, ಮದ್ದುಗುಂಡಿಗೆ ಬೇಡಿಕೆ ಸಲ್ಲಿಸಬೇಕು, ಬಸ್ಸು, ಊಟ, ವೈದ್ಯಕೀಯ ಸಹಾಯಕರನ್ನು ಹೊಂದಿಸಬೇಕು. ಇವೆಲ್ಲ ತಿಂಗಳುಗಟ್ಟಲೆ ಮುಂಚಿನ ಕೆಲಸ.

ಕಲಿಕೆಯ ಕ್ರಮವನ್ನು ಅಲ್ಲಿ ‘ತೆವಳು, ನಡೆ, ಓಡು’ ಎನ್ನುತ್ತಾರೆ. ಮೊದಲು ಅಧಿಕಾರಿಗಳು ಮರಳಿನ ಮೇಲೆ ಮಾದರಿ ಹಾಕಿ ಚರ್ಚಿಸುತ್ತಾರೆ. ಬಳಿಕ ನೆಲದ ಮೇಲೆ ಬಿಳಿ ಟೇಪಿನಿಂದ ಕೋಣೆಯ ನಕ್ಷೆ ಹಾಕಿ, ಖಾಲಿ ಬಂದೂಕು ಹಿಡಿದು, ನಾಲ್ಕು ಜನ ಒಬ್ಬರ ಹಿಂದೊಬ್ಬರು ನಿಧಾನಕ್ಕೆ ಒಳಹೋಗುವುದನ್ನು ಕಲಿಯುತ್ತಾರೆ. ಅದು ಮೈಗೆ ಹತ್ತಿದ ಮೇಲೆ ನಿಜವಾದ ಕಟ್ಟಡ, ಹುಸಿಗುಂಡು ಅಥವಾ ಬಣ್ಣದ ಗುಂಡು. ಕೊನೆಯಲ್ಲಿ, ಅರ್ಹರಾದವರಿಗೆ ಮಾತ್ರ, ಜೀವಂತ ಗುಂಡು. ಪ್ರತಿ ಸುತ್ತಿನ ನಂತರ ಸಿಪಾಯಿಯಿಂದ ಅಧಿಕಾರಿಯವರೆಗೆ ಎಲ್ಲರೂ ಕುಳಿತು ಎಲ್ಲಿ ತಪ್ಪಿತು ಎಂದು ಮಾತಾಡುತ್ತಾರೆ. ಈ ಒಂದು ಪದ್ಧತಿ ನಮ್ಮ ಕಚೇರಿಗಳಿಗೂ ಬರಬೇಕಿತ್ತು.

ಹುಸಿ ಊರುಗಳು

ಇದಕ್ಕೆಂದೇ ಕಟ್ಟಿದ ಹುಸಿ ಊರುಗಳು ನಮ್ಮವರು ವಾಸಿಸುವ ಪ್ರದೇಶದ ಆಸುಪಾಸಿನಲ್ಲೇ ಇವೆ. ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ರಿಚ್ಮಂಡ್ ದಾರಿಯಲ್ಲಿರುವ ಫೋರ್ಟ್ ಎ.ಪಿ. ಹಿಲ್‌ನಲ್ಲಿ 2014ರಲ್ಲಿ ಸುಮಾರು 300 ಎಕರೆಯ ತರಬೇತಿ ಕೇಂದ್ರ ತೆರೆದರು. ಅಲ್ಲಿ ರಾಯಭಾರ ಕಚೇರಿ, ಶಾಲೆ, ಮಸೀದಿ, ಸುರಂಗ ರೈಲು ನಿಲ್ದಾಣ ಎಲ್ಲ ಇವೆ, ಜನ ಮಾತ್ರ ಇಲ್ಲ. ಜಾರ್ಜಿಯಾದ ಫೋರ್ಟ್ ಬೆನಿಂಗ್‌ನಲ್ಲಿ ‘ಮೆಕೆನ್ನಾ’ ಎಂಬ ಹಳೆಯ ತರಬೇತಿ ಹಳ್ಳಿ ಇದೆ. ಅಟ್ಲಾಂಟಾದ ದಕ್ಷಿಣಕ್ಕೆ ಪೆರಿ ಊರಿನಲ್ಲಿ ಸುಮಾರು 830 ಎಕರೆಯ ಖಾಸಗಿ ಕೇಂದ್ರವೊಂದು ಕುಸಿದ ಕಟ್ಟಡ, ನೆರೆ ನುಗ್ಗಿದ ಬೀದಿಗಳನ್ನೇ ಕಟ್ಟಿಟ್ಟು ವಿಪತ್ತು ನಿರ್ವಹಣೆ ಕಲಿಸುತ್ತದೆ. ಅಟ್ಲಾಂಟಾ ನಗರದ್ದೇ ಆದ 85 ಎಕರೆಯ ಪೊಲೀಸ್ ಮತ್ತು ಅಗ್ನಿಶಾಮಕ ತರಬೇತಿ ಕೇಂದ್ರ 2025ರಲ್ಲಿ ತೆರೆಯಿತು. ‘ಕಾಪ್ ಸಿಟಿ’ ಎಂದು ಕರೆದು ಅದನ್ನು ವಿರೋಧಿಸಿದವರ ಹೋರಾಟ ವರ್ಷಗಟ್ಟಲೆ ನಡೆದಿತ್ತು. ಪೊಲೀಸರಿಗೆ ಯುದ್ಧದ ಮನಸ್ಸು ಬರುತ್ತದೆ ಎಂಬುದು ವಿರೋಧಿಗಳ ಆತಂಕ. ಒಳ್ಳೆಯ ತರಬೇತಿ ಇಲ್ಲದಿದ್ದರೆ ಇನ್ನೂ ಅಪಾಯ ಎಂಬುದು ನಗರಾಡಳಿತದ ವಾದ.

ಹುಸಿ ಊರಿನ ಬೇಲಿ ದಾಟಿ ತರಬೇತಿ ಹೊರಬಂದರೆ ಏನಾಗುತ್ತದೆ ಎಂಬುದಕ್ಕೂ ಕ್ಯಾರೊಲಿನಾದಲ್ಲಿ ಉದಾಹರಣೆಯಿದೆ. ನಾರ್ತ್ ಕ್ಯಾರೊಲಿನಾದ ಹಳ್ಳಿಗಳಲ್ಲಿ ವಿಶೇಷ ಪಡೆಯ ಅಭ್ಯರ್ಥಿಗಳು ‘ರಾಬಿನ್ ಸೇಜ್’ ಎಂಬ ಅಣಕು ಯುದ್ಧ ನಡೆಸುತ್ತಾರೆ, ಊರ ಜನರೇ ಅದರಲ್ಲಿ ಪಾತ್ರ ವಹಿಸುತ್ತಾರೆ. 2002ರ ಫೆಬ್ರುವರಿಯಲ್ಲಿ ಮೂರ್ ಕೌಂಟಿಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಇಂಥ ಇಬ್ಬರು ಸೈನಿಕರಿದ್ದ ವಾಹನ ತಡೆದರು. ಸೈನಿಕರು ಅವರನ್ನೂ ಆಟದ ಪಾತ್ರಧಾರಿ ಎಂದುಕೊಂಡರು. ಅಧಿಕಾರಿ ಇವರನ್ನು ನಿಜವಾದ ದುಷ್ಕರ್ಮಿಗಳು ಎಂದುಕೊಂಡರು. ಗುಂಡು ಹಾರಿತು, ಒಬ್ಬ ಸೈನಿಕ ಸತ್ತರು, ಇನ್ನೊಬ್ಬರು ಗಾಯಗೊಂಡರು. ಸ್ಥಳೀಯ ಪೊಲೀಸರಿಗೆ ಮೊದಲೇ ತಿಳಿಸುವುದು ತರಬೇತಿ ಯೋಜನೆಯ ಸಣ್ಣ ಸಾಲಲ್ಲ, ಪ್ರಾಣ ಉಳಿಸುವ ಸಾಲು ಎಂದು ಆ ಘಟನೆ ತೋರಿಸಿತು.

ಎರಡು ಕಂಪನಿ, ಎರಡು ಕಥೆ

ತರಬೇತಿ ಪಟ್ಟಿಯಲ್ಲಿ ಏನಿತ್ತು ಎಂಬುದು ಎಷ್ಟು ಮುಖ್ಯ? ಇರಾಕ್ ಯುದ್ಧದ ಎರಡು ಮೀಸಲು ಮಿಲಿಟರಿ ಪೊಲೀಸ್ ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಕೆಂಟಕಿ ನ್ಯಾಷನಲ್ ಗಾರ್ಡ್‌ನ 617ನೇ ಕಂಪನಿ. 2005ರ ಮಾರ್ಚ್ 20ರಂದು ಸಲ್ಮಾನ್ ಪಾಕ್ ಬಳಿ ಸರಕು ವಾಹನಗಳ ಸಾಲಿನ ಮೇಲೆ ಹತ್ತಾರು ಜನ ಹೊಂಚುದಾಳಿ ಮಾಡಿದರು. ಬೆಂಗಾವಲಿಗಿದ್ದ ಹತ್ತು ಜನರ ತಂಡ ಹೆದರಿ ಓಡಲಿಲ್ಲ, ದಾಳಿಕೋರರ ಪಕ್ಕಕ್ಕೆ ನುಗ್ಗಿ ಅವರನ್ನು ಹಿಮ್ಮೆಟ್ಟಿಸಿತು. ಆ ತಂಡದ ಲೀ ಆ್ಯನ್ ಹೆಸ್ಟರ್ ಊರಿನಲ್ಲಿ ಮಳಿಗೆಯೊಂದರ ವ್ಯವಸ್ಥಾಪಕಿಯಾಗಿದ್ದವರು. ಎರಡನೇ ಮಹಾಯುದ್ಧದ ನಂತರ ‘ಸಿಲ್ವರ್ ಸ್ಟಾರ್’ ಪದಕ ಪಡೆದ ಮೊದಲ ಮಹಿಳೆ ಅವರು. ಹೊಂಚುದಾಳಿ ಆದರೆ ಏನು ಮಾಡಬೇಕು ಎಂಬುದನ್ನು ಆ ತಂಡ ಮತ್ತೆ ಮತ್ತೆ ಅಭ್ಯಾಸ ಮಾಡಿತ್ತು.

ಎರಡನೆಯದು ಆರ್ಮಿ ರಿಸರ್ವ್‌ನ 372ನೇ ಕಂಪನಿ. ಅದರ ನೆಲೆ ಪಶ್ಚಿಮ ಮೇರಿಲ್ಯಾಂಡ್‌ನ ಕ್ರೆಸಪ್‌ಟೌನ್, ವಾಷಿಂಗ್ಟನ್‌ನಿಂದ ಕೆಲವೇ ಗಂಟೆಗಳ ಕಾರಿನ ದಾರಿ. 2003ರಲ್ಲಿ ಅದನ್ನು ಬಾಗ್ದಾದ್ ಹೊರಗಿನ ಅಬು ಘ್ರೈಬ್ ಸೆರೆಮನೆ ಕಾಯಲು ಹಾಕಿದರು. ಆಮೇಲೆ ಹೊರಬಿದ್ದ ಫೋಟೊಗಳನ್ನು ಜಗತ್ತು ಮರೆತಿಲ್ಲ. ತನಿಖೆ ನಡೆಸಿದ ಮೇಜರ್ ಜನರಲ್ ಆ್ಯಂಟೋನಿಯೊ ಟಗೂಬಾ ಅವರ 2004ರ ವರದಿ, ಕೈದಿಗಳನ್ನು ಇಟ್ಟುಕೊಳ್ಳುವ ಕೆಲಸಕ್ಕೆ ಆ ಬ್ರಿಗೇಡ್‌ನ ಯೋಧರಿಗೆ ಸಾಕಷ್ಟು ತರಬೇತಿಯೇ ಇರಲಿಲ್ಲ ಎಂದಿತು. ತರಬೇತಿ ಇಲ್ಲ ಎಂಬುದು ಕ್ರೌರ್ಯಕ್ಕೆ ನೆಪವಲ್ಲ. ಹನ್ನೊಂದು ಸೈನಿಕರಿಗೆ ಶಿಕ್ಷೆಯೂ ಆಯಿತು. ಆದರೆ ಅರೆಕಾಲಿಕ ಯೋಧರನ್ನು ಕಲಿಯದ ಕೆಲಸಕ್ಕೆ ಹಚ್ಚಿ, ಮೇಲ್ವಿಚಾರಣೆಯನ್ನೂ ಸಡಿಲಬಿಟ್ಟ ಹಿರಿಯರ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ.

ಎರಡೂ ಕಡೆ ಇದ್ದವರು ಸಣ್ಣ ಊರಿನ ಸಾಮಾನ್ಯ ಜನ. ಒಂದು ತಂಡ ತಾನು ಅಭ್ಯಾಸ ಮಾಡಿದ ಕೆಲಸವನ್ನೇ ಎದುರಿಸಿತು, ಇನ್ನೊಂದು ಕಲಿಯದ ಕೆಲಸಕ್ಕೆ ಬಿತ್ತು.

‘ಕವರ್’ ಎಂದರೆ ಏನು?

ಈಗ ವಾಷಿಂಗ್ಟನ್ ಬೀದಿಗೆ ಮರಳೋಣ. 2025ರ ಆಗಸ್ಟ್ 11ರಂದು ಅಧ್ಯಕ್ಷ ಟ್ರಂಪ್ ಡಿ.ಸಿ.ಯಲ್ಲಿ ಅಪರಾಧ ತುರ್ತುಸ್ಥಿತಿ ಘೋಷಿಸಿ ಅಲ್ಲಿನ ಸುಮಾರು 800 ಗಾರ್ಡ್ ಯೋಧರನ್ನು ಕರೆದರು. ಸೌತ್ ಕ್ಯಾರೊಲಿನಾ ಗವರ್ನರ್ ಹೆನ್ರಿ ಮೆಕ್‌ಮಾಸ್ಟರ್ 200 ಜನರನ್ನು ಕಳಿಸಿದರು. ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಗವರ್ನರ್ ಬ್ರಯನ್ ಕೆಂಪ್ ಸುಮಾರು 300 ಜನರನ್ನು ಕಳಿಸುವುದಾಗಿ ಪ್ರಕಟಿಸಿದರು. ಆಗಸ್ಟ್ 25ರ ಅಧ್ಯಕ್ಷರ ಆದೇಶ, ನಾಗರಿಕ ಗಲಭೆಗಳಿಗೆ ತಕ್ಷಣ ಧಾವಿಸುವ ವಿಶೇಷ ಗಾರ್ಡ್ ತುಕಡಿಗಳನ್ನು ದೇಶದಾದ್ಯಂತ ಸಿದ್ಧಪಡಿಸಲು ಹೇಳಿತು. ಸೆಪ್ಟೆಂಬರ್ 30ರಂದು ವರ್ಜೀನಿಯಾದ ಕ್ವಾಂಟಿಕೊದಲ್ಲಿ ಸೇನಾಧಿಕಾರಿಗಳನ್ನೆಲ್ಲ ಸೇರಿಸಿ ಮಾತನಾಡಿದ ಟ್ರಂಪ್, ಅಪಾಯಕಾರಿ ನಗರಗಳನ್ನು ಸೈನ್ಯದ ತರಬೇತಿ ಮೈದಾನಗಳಾಗಿ ಬಳಸಬೇಕು ಎಂಬ ಅರ್ಥದ ಮಾತಾಡಿದರು.

ಆ ಮಾತಿನಲ್ಲೇ ತೊಡಕಿರುವುದು. ತರಬೇತಿ ಮೈದಾನದಲ್ಲಿ ತಪ್ಪಿದರೆ ಇನ್ನೊಮ್ಮೆ ಮಾಡಬಹುದು. ಹುಸಿ ಊರಿನಲ್ಲಿ ಮನೆಯೊಳಗಿಂದ ಬರುವವನು ಬಾಡಿಗೆಯ ಪಾತ್ರಧಾರಿ. ನಿಜವಾದ ಊರಿನಲ್ಲಿ ಅವನು ಹಾಲು ತರಲು ಹೊರಟ ಗೃಹಸ್ಥ.

1992ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ಗಲಭೆ ಸಮಯದಲ್ಲಿ ಕಾಂಪ್ಟನ್ ಎಂಬಲ್ಲಿ ನಡೆದ ಘಟನೆಯನ್ನು ಅಮೆರಿಕದ ಸೇನಾ ತರಬೇತುದಾರರು ಇಂದಿಗೂ ಹೇಳುತ್ತಾರೆ. ಮನೆಯೊಂದರ ಜಗಳ ಬಿಡಿಸಲು ಹೋದ ಪೊಲೀಸರ ಜೊತೆ ಮೆರೀನ್ ಸೈನಿಕರಿದ್ದರು. ಒಳಗಿಂದ ಗುಂಡು ಬಂತು. ಪೊಲೀಸ್ ಅಧಿಕಾರಿ ‘ಕವರ್ ಮಿ’ ಎಂದು ಕೂಗಿದರು. ಪೊಲೀಸ್ ಭಾಷೆಯಲ್ಲಿ ಅದರ ಅರ್ಥ, ಬಂದೂಕು ಗುರಿಯಿಟ್ಟು ಎಚ್ಚರವಾಗಿರು. ಸೈನಿಕರ ಭಾಷೆಯಲ್ಲಿ, ಗುಂಡಿನ ಮಳೆ ಸುರಿಸು. ಕ್ಷಣಾರ್ಧದಲ್ಲಿ 200ಕ್ಕೂ ಹೆಚ್ಚು ಗುಂಡುಗಳು ಆ ಮನೆಗೆ ಹೊಕ್ಕವು. ಒಳಗೆ ಮಕ್ಕಳೂ ಇದ್ದರು. ಒಳಗಿದ್ದ ಯಾರಿಗೂ ಏನೂ ಆಗದೇ ಉಳಿದದ್ದು ಪುಣ್ಯ. ಆ ಸೈನಿಕರು ಆದೇಶ ಮೀರಿದವರಲ್ಲ, ತಾವು ಕಲಿತದ್ದನ್ನು ಚಾಚೂತಪ್ಪದೆ ಮಾಡಿದವರು.

ಎಲ್ಲ ಸಲವೂ ಪುಣ್ಯ ಕಾಯುವುದಿಲ್ಲ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆ ನಿಯಂತ್ರಿಸಲು ಬಂದಿದ್ದ ಒಹಾಯೊ ಗಾರ್ಡ್ ಯೋಧರು 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು.

ಹಾಗೆಂದು ಗಲಭೆ ನಿಯಂತ್ರಣದ ತರಬೇತಿಯೇ ಬೇಡ ಎನ್ನಲಾಗದು. ಕೆಂಟ್ ಸ್ಟೇಟ್ ಕಲಿಸಿದ್ದು ಅದಕ್ಕೆ ವಿರುದ್ಧವಾದ ಪಾಠ: ಬೀದಿಗೆ ಕಳಿಸುವುದಾದರೆ ಬೀದಿಗೆ ತಕ್ಕ ವಿದ್ಯೆ, ತಕ್ಕ ಸಲಕರಣೆ ಕೊಡಿ. ಆದರೆ 39 ದಿನ 39 ದಿನವೇ. ಗುರಾಣಿ ಹಿಡಿಯುವುದಕ್ಕೆ ಹೋದ ವಾರಾಂತ್ಯ ಹೊಂಚುದಾಳಿ ಎದುರಿಸುವ ಅಭ್ಯಾಸದಿಂದ ಕಳೆದದ್ದು. ಕೋಣೆಗೆ ನುಗ್ಗುವುದಕ್ಕೆ ಕೊಟ್ಟ ವಾರಾಂತ್ಯ ಜನರೊಂದಿಗೆ ತಾಳ್ಮೆಯಿಂದ ಮಾತಾಡಿ ಚದುರಿಸುವ ಕಲಿಕೆಯಿಂದ ಕಳೆದದ್ದು. ಅದೇ ಯುವಕ ಎರಡೂ ಕೆಲಸಕ್ಕೆ ಎರಡು ಬೇರೆ ಮನಸ್ಸು ಇಟ್ಟುಕೊಳ್ಳಬೇಕು. ಅರೆಕಾಲಿಕ ಯೋಧನ ಮೇಲೆ ಇದು ಸಣ್ಣ ಹೊರೆಯಲ್ಲ. ಹಲವು ತಿಂಗಳು ಮೆಟ್ರೊ ನಿಲ್ದಾಣದ ಬಳಿ ಗಸ್ತು ತಿರುಗುವ ಮಿಲಿಟರಿ ಪೊಲೀಸ್ ಕಂಪನಿ ಆ ವರ್ಷ ತನ್ನ ಯುದ್ಧದ ಪಾಠವನ್ನು ಯಾವಾಗ ಮುಗಿಸಬೇಕು?

ನ್ಯಾಯಾಲಯಗಳಲ್ಲೂ ಜಗ್ಗಾಟ ನಡೆದಿದೆ. ನವೆಂಬರ್ 20ರಂದು, ಅಂದರೆ ದಾಳಿಗೆ ಆರು ದಿನ ಮುಂಚೆ, ನ್ಯಾಯಾಧೀಶೆ ಜಿಯಾ ಕಾಬ್ ಡಿ.ಸಿ. ನಿಯೋಜನೆ ಕಾನೂನುಬಾಹಿರ ಎಂದರು. ಮೇಲ್ಮನವಿ ನ್ಯಾಯಾಲಯ ಡಿಸೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ನೀಡಿತು. ಯೋಧರು ಬೀದಿಯಲ್ಲೇ ಉಳಿದರು.

ನಮ್ಮ ಮನೆಗಳಿಗೆ ಏನು?

ವಾಷಿಂಗ್ಟನ್‌ನ ಕಾವೇರಿ ಕನ್ನಡ ಸಂಘ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ರಾಲಿ ಸುತ್ತಲಿನ ಸಂಪಿಗೆ. ಈ ಹೆಸರುಗಳು ನಮ್ಮ ಪುಟದ ಓದುಗರಿಗೆ ಹೊಸದಲ್ಲ. ಅಲ್ಲಿರುವ ನಮ್ಮವರಿಗೆ ಈ ವಿಷಯ ಎರಡು ದಾರಿಯಲ್ಲಿ ತಟ್ಟುತ್ತದೆ.

ಒಂದು, ನಿವಾಸಿಗಳಾಗಿ. ಬೀದಿಯಲ್ಲಿ ಯೋಧರು ಕಂಡರೆ ಗಾಬರಿ ಬೇಡ, ಕುತೂಹಲಕ್ಕೆ ಹತ್ತಿರ ಹೋಗುವುದೂ ಬೇಡ. ಏನಾದರೂ ಕೇಳಿದರೆ ಕೈ ಕಾಣುವಂತೆ ಇಟ್ಟುಕೊಂಡು ಸಮಾಧಾನದಿಂದ ಉತ್ತರಿಸಿ. 18 ವರ್ಷ ಮೇಲ್ಪಟ್ಟ ವಲಸಿಗರು ತಮ್ಮ ಗ್ರೀನ್ ಕಾರ್ಡ್ ಅಥವಾ ನೋಂದಣಿ ದಾಖಲೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂಬ ಕಾನೂನು ಹಳೆಯದೇ, ಈಗ ಅದರ ಪಾಲನೆ ಬಿಗಿಯಾಗಿದೆ.

ಎರಡು, ನಮ್ಮ ಮಕ್ಕಳೇ ಸೇರುವ ಮಾತು. ಅಲ್ಲಿ ಹುಟ್ಟಿದ, ಇಲ್ಲವೆ ಗ್ರೀನ್ ಕಾರ್ಡ್ ಪಡೆದ ಯುವಕ-ಯುವತಿಯರಿಗೆ ಕಾಲೇಜು ಶುಲ್ಕದ ನೆರವು, ಅಗ್ಗದ ಆರೋಗ್ಯ ವಿಮೆ, ಬೇಗ ಪೌರತ್ವ ಎಂಬ ಆಕರ್ಷಣೆಗಳಿವೆ. ಎಚ್-1ಬಿ ವೀಸಾದವರು ಈಗ ಸೇರಲಾಗದು. ಅಂಥವರಿಗೆ ದಾರಿ ಮಾಡಿಕೊಟ್ಟಿದ್ದ ‘ಮಾವ್ನಿ’ ಯೋಜನೆ 2016ರಲ್ಲಿ ನಿಂತಿತು. ಸಹಿ ಹಾಕುವ ಮುನ್ನ ನಾಲ್ಕು ಸಂಗತಿ ತಿಳಿದಿರಲಿ. ಒಪ್ಪಂದದ ಒಟ್ಟು ಹೊಣೆ ಎಂಟು ವರ್ಷ. ಕರೆ ಬಂದರೆ ಹೋಗಲೇಬೇಕು, ಉದ್ಯೋಗದಾತರು ಕೆಲಸ ಕಾಯ್ದಿರಿಸಬೇಕೆಂಬ 1994ರ ಕಾಯ್ದೆ ಮಾತ್ರ ಬೆಂಬಲಕ್ಕಿದೆ. ಗಾರ್ಡ್ ಸೇರಿದರೆ ದೇಶದೊಳಗಿನ ಬೀದಿಗೂ, ರಿಸರ್ವ್ ಸೇರಿದರೆ ಹೆಚ್ಚಾಗಿ ಹೊರದೇಶಕ್ಕೂ ಹೋಗುವ ಸಾಧ್ಯತೆ. ಕೊನೆಯದು ಅನೇಕರಿಗೆ ಗೊತ್ತೇ ಇಲ್ಲ: ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರು ಅಥವಾ ನಿವೃತ್ತರಾದವರು ಭಾರತದ ಒ.ಸಿ.ಐ. ಕಾರ್ಡ್‌ಗೆ ಅರ್ಹರಲ್ಲ. ಅಜ್ಜ-ಅಜ್ಜಿಯ ಮನೆಗೆ ಬರಲು ಮೊಮ್ಮಗ ವೀಸಾ ಕೇಳಬೇಕಾಗಬಹುದು. ಅರೆಕಾಲಿಕ ಸೇವೆಯ ಬಗ್ಗೆ ವಾಷಿಂಗ್ಟನ್ ರಾಯಭಾರ ಕಚೇರಿ ಅಥವಾ ಅಟ್ಲಾಂಟಾ ಕಾನ್ಸುಲೇಟ್‌ನಲ್ಲಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಜಾಣತನ.

ನೇಮಕಾತಿ ಅಧಿಕಾರಿ ಬೋನಸ್ ಎಷ್ಟು ಎಂದು ತಾನಾಗಿಯೇ ಹೇಳುತ್ತಾನೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ. ‘ಈ ಕಂಪನಿ ಕಳೆದ ವರ್ಷದ 12 ವಾರಾಂತ್ಯಗಳಲ್ಲಿ ಏನು ಕಲಿಯಿತು? ಮುಂದಿನ ವರ್ಷ ಎಲ್ಲಿಗೆ ಹೋಗುತ್ತದೆ?’ ಈ ಎರಡು ಉತ್ತರಗಳು ಒಂದಕ್ಕೊಂದು ಹೊಂದಿಕೆಯಾದರೆ ಆ ಕಂಪನಿಯಲ್ಲಿ ನಿಮ್ಮ ಮಗು ಕಲಿತ ಕೆಲಸವನ್ನೇ ಮಾಡುತ್ತದೆ. ಹೊಂದಿಕೆಯಾಗದಿದ್ದರೆ, ಕಲಿಯದ ಕೆಲಸಕ್ಕೆ ಬಂದೂಕು ಹಿಡಿದು ನಿಲ್ಲುವ 20 ವರ್ಷದ ಯುವಕನಿಗೂ ಅಪಾಯ, ಅವನೆದುರು ಹಾದುಹೋಗುವ ನಮ್ಮಂಥವರಿಗೂ ಅಪಾಯ.